ಹಡಗಿನ ಮದುವೆ: ಕಾರ್ಯಕ್ರಮ ನೋಡಿ ಇಳಿದು ಬರುವ 38 ಮಂದಿಗೆ ಊಟ ಎಲ್ಲಿ, ಯಾವಾಗ?

ವಿರಾಜಪೇಟೆ_ತೋಟದಮನೆ:

ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ದಂಪತಿ ಮುಹೂರ್ತ (ನಮ್ಮ ಕೊಡವ ಮದುವೆಯ ಮುಖ್ಯ ಶಾಸ್ತ್ರ) ಡಿಸೆಂಬರ್‌ನಲ್ಲಿ ವಿರಾಜಪೇಟೆಯಲ್ಲೇ ಆಗುತ್ತದೆ. ಅದಾಗಿ ಐದನೇ ದಿನ ಕೊಚ್ಚಿಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಉಂಗುರ ಬದಲಾವಣೆ, ಕೇಕು, ಸಣ್ಣ ಸತ್ಕಾರ. ಕೊಚ್ಚಿಗೆ ಬರುವವರು ಒಟ್ಟು 70. ಅವರಲ್ಲಿ 32 ಮಂದಿ ಪ್ರಯಾಣ ಮಾಡುವವರು. ಉಳಿದ 38 ಮಂದಿ ಹಡಗು ಹತ್ತಿ ಕಾರ್ಯಕ್ರಮ ನೋಡಿ, ಹೊರಡುವ ಮೊದಲೇ ಇಳಿದು ಊರಿಗೆ ಮರಳುವವರು. ಹಡಗು ಬಿಡುವುದು ಸಂಜೆ 5ಕ್ಕೆ.

ಈ 38ರಲ್ಲಿ 70 ದಾಟಿದ ಹಿರಿಯರು 9, ಮಕ್ಕಳು 4, ಸಸ್ಯಾಹಾರಿಗಳು 6, ಹಂದಿಮಾಂಸ ತಿನ್ನದವರು 5. ಹಡಗಿನವರು ಕಳಿಸಿದ ಕಾಗದದಲ್ಲಿ ‘ಒಂದು ಗಂಟೆಯ ಸತ್ಕಾರ, ಲಘು ತಿಂಡಿ’ ಎಂದಷ್ಟೇ ಉಂಟು. ನೆಂಟರನ್ನು ಉಣ್ಣಿಸದೆ ಕಳಿಸುವ ಕ್ರಮ ನಮ್ಮಲ್ಲಿ ಇಲ್ಲವಲ್ಲ. ಹಡಗಿನೊಳಗೇ ಊಟ ಹಾಕಿಸಬಹುದೇ? ಆಗದಿದ್ದರೆ ಇಳಿದು ಬಂದ ಮೇಲೆ ಕೊಚ್ಚಿಯಲ್ಲಿ ಪಂದಿ ಕರಿ (ಹಂದಿಮಾಂಸದ ಕರಿ), ಕಡಂಬುಟ್ಟು (ಆವಿಯಲ್ಲಿ ಬೇಯಿಸಿದ ಅಕ್ಕಿತರಿ ಉಂಡೆ) ಬಡಿಸಬೇಕೆಂದು ಆಸೆ. ಊರಿನಿಂದ ಮಾಡಿ ಕೊಂಡುಹೋಗಬಹುದೇ?

ಹಡಗು_ಕಾರ್ಯಕ್ರಮ:

ಹಡಗಿನ ಲೆಕ್ಕದಲ್ಲಿ ಆ 38 ಮಂದಿ ಪ್ರಯಾಣಿಕರಲ್ಲ, ವಿಸಿಟರ್‌ಗಳು. ಎಲ್ಲ ತೊಡಕೂ ಅಲ್ಲಿಂದಲೇ ಶುರು. ಅವರ ಕೈಯಲ್ಲಿ ಕ್ಯಾಬಿನ್ ಕಾರ್ಡ್ ಇರುವುದಿಲ್ಲ. ಹಡಗಿನೊಳಗೆ ನಗದು ನಡೆಯುವುದಿಲ್ಲ, ಎಲ್ಲ ಖರ್ಚೂ ಕಾರ್ಡಿಗೇ ಬರೆಯುವುದು. ಅಂದರೆ ಒಂದು ಬಾಟಲಿ ನೀರು ಬೇಕಾದರೂ ಅವರು ತಾವಾಗಿ ಕೊಳ್ಳುವ ಹಾಗಿಲ್ಲ. ಪ್ರಯಾಣಿಕರಿಗೆ ಮಧ್ಯಾಹ್ನ ತೆರೆದಿರುವ ಬಫೆಯೂ ಇವರಿಗೆ ತಾನಾಗಿ ಸೇರುವುದಿಲ್ಲ. ಒಪ್ಪಂದದಲ್ಲಿ ಏನು ಬರೆದಿದೆಯೋ ಅಷ್ಟು ಮಾತ್ರ ಇವರ ಪಾಲು. ಆದ್ದರಿಂದ ‘ವಿಸಿಟರ್‌ಗಳಿಗೆ ಬಫೆ ಉಂಟೋ, ತಲೆಗೆ ಎಷ್ಟು, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ’ ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಒಪ್ಪಂದಕ್ಕೆ ಸೇರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ‘ಆಗುತ್ತದೆ’ ಆ ದಿನ ಬಾಗಿಲಲ್ಲಿ ನಿಂತವರಿಗೆ ಗೊತ್ತಿರುವುದಿಲ್ಲ.

ಬಫೆಗೆ ಒಪ್ಪಿದರೂ ಸಮಯ ಸಾಲುವುದಿಲ್ಲ. 5ಕ್ಕೆ ಹೊರಡುವ ಹಡಗಿಗೆ ಮದುವೆಯ ಗುಂಪನ್ನು ಹತ್ತಿಸುವುದು ಸುಮಾರು 11.30ರಿಂದ 12ಕ್ಕೆ. ಕಾರ್ಯಕ್ರಮ 12.45ಕ್ಕೆ, ಅರ್ಧ ಗಂಟೆ. ಸತ್ಕಾರ 1.15ರಿಂದ 2.15. ವಿಸಿಟರ್‌ಗಳು 2.30ರಿಂದ 3ರೊಳಗೆ ಇಳಿದಿರಬೇಕು. ಇಷ್ಟು ಬೇಗ ಇಳಿಸುವುದಕ್ಕೆ ಕಾರಣ ಉಂಟು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು ವಾಲಿದ ಮೇಲೆ ಸೊಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಬಿಗಿಯಾಯಿತು. 2015ರ ಜನವರಿ 1ರಿಂದ, ಹೊಸದಾಗಿ ಹತ್ತಿದ ಪ್ರಯಾಣಿಕರಿಗೆ ತುರ್ತು ಅಭ್ಯಾಸವನ್ನು ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಿಸಲೇಬೇಕು. ಅದಕ್ಕೆ ಮೊದಲು ಒಳಗಿರುವವರ ತಲೆ ಎಣಿಕೆ ಸರಿಹೋಗಬೇಕು. ಒಬ್ಬ ವಿಸಿಟರ್ ಶೌಚಾಲಯದಲ್ಲಿ ಉಳಿದರೂ ಎಣಿಕೆ ತಪ್ಪುತ್ತದೆ. ‘ಐದು ನಿಮಿಷ, ಊಟ ಮುಗಿಸಿ ಬರುತ್ತಾರೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಆ ದಿನ ಹಡಗಿನ ಅಡುಗೆಮನೆಯೂ ಬಿಡುವಾಗಿರುವುದಿಲ್ಲ. ಹಿಂದಿನ ಪ್ರಯಾಣದವರು ಬೆಳಿಗ್ಗೆ ಇಳಿದಿರುತ್ತಾರೆ, ಇಡೀ ಪ್ರಯಾಣದ ದಿನಸಿ ಅದೇ ಹೊತ್ತಿಗೆ ಏರುತ್ತಿರುತ್ತದೆ. ಸತ್ಕಾರದ ತಿಂಡಿಯನ್ನು ವಾರಗಟ್ಟಲೆ ಮೊದಲೇ ಖಚಿತ ಮಾಡಬೇಕು. ಅದೇ ದಿನ ಹತ್ತು ತಟ್ಟೆ ಹೆಚ್ಚು ಮಾಡಿ ಎಂದರೆ ಸಿಗುವುದು ಕತ್ತರಿಸಿದ ಹಣ್ಣು, ಬಿಸ್ಕತ್ತು.

ಲಘು ತಿಂಡಿಯ ಅಳತೆ ಹೀಗೆ: ಊಟದ ಹೊತ್ತಲ್ಲದ ಒಂದು ಗಂಟೆಗೆ ತಲೆಗೆ 4ರಿಂದ 6 ತುಂಡು ಸಾಕು. ಊಟದ ಬದಲಿಗೆ ಆದರೆ 10ರಿಂದ 12 ಬೇಕು. ನಿಮ್ಮದು ಸರಿಯಾಗಿ ಊಟದ ಹೊತ್ತಿಗೇ ಬೀಳುತ್ತದೆ, ಆದರೆ ಕಾಗದದಲ್ಲಿ ‘ಲಘು ತಿಂಡಿ’ ಎಂದಿದ್ದರೆ ಬರುವುದು 4 ತುಂಡಿನ ಲೆಕ್ಕದಲ್ಲಿ. ಎಷ್ಟು ತುಂಡು, ಅದರಲ್ಲಿ ಸಸ್ಯಾಹಾರ ಎಷ್ಟು ಎಂದು ಕೇಳಿ. ಆರು ಮಂದಿ ಸಸ್ಯಾಹಾರಿಗಳಿಗೆ ಆರು ಮಂದಿಯ ಲೆಕ್ಕ ಹಿಡಿಯಬೇಡಿ. ಸಸ್ಯಾಹಾರದ ತಟ್ಟೆ ಮೊದಲು ಬಂದರೆ ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಮೂರನೇ ಒಂದು ಭಾಗ ಸಸ್ಯಾಹಾರವೇ ಇರಲಿ. ನೀರು, ಜ್ಯೂಸ್, ಕಾಫಿಗೆ ನಿಮ್ಮ ಕ್ಯಾಬಿನ್ ಹೆಸರಿನಲ್ಲಿ ಒಟ್ಟು ಬಿಲ್ ತೆರೆಸಿ, ಮಿತಿ ಬರೆಸಿ.

ಹೊರಗಿನ ಅಡುಗೆ, ಮನೆಯ ಕೇಕು, ಕತ್ತರಿಸಿದ ಹಣ್ಣು ಯಾವುದನ್ನೂ ಹಡಗಿಗೆ ಬಿಡುವುದಿಲ್ಲ. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಸಮುದ್ರದ ನಡುವೆ ಇಡೀ ಹಡಗಿಗೆ ಹಬ್ಬುತ್ತದೆ ಎಂಬ ಭಯ, ಅದು ನ್ಯಾಯವಾದದ್ದೇ. ಹಿರಿಯರು ಅಲ್ಲಿಯೂ ಅಕ್ಕಿ ಹಾಕಿ ಕಿಂಡಿಯಲ್ಲಿ (ಮೂತಿಯಿರುವ ಚೊಂಬಿನಲ್ಲಿ) ಹಾಲು ಕೊಟ್ಟು ಹರಸಬೇಕೆಂದಿದ್ದರೆ ಬೇಡ ಎನ್ನಿ. ಹಾಲನ್ನು ಹಡಗಿನವರಿಂದ ಪಡೆಯಬಹುದು, ಆದರೆ ಒಬ್ಬೊಬ್ಬರಿಗೆ ಒಂದು ನಿಮಿಷ ಹಿಡಿದರೂ 70 ಮಂದಿಗೆ 70 ನಿಮಿಷ, ಸತ್ಕಾರದ ಹೊತ್ತು ಪೂರ್ತಿ ಅದಕ್ಕೇ ಹೋಗುತ್ತದೆ. ಅಕ್ಕಿ ಚೆಲ್ಲುವುದಕ್ಕೆ, ದೀಪ ಹಚ್ಚುವುದಕ್ಕೂ ಒಪ್ಪುವುದಿಲ್ಲ. ಹುಡುಗ ಕುಪ್ಯ (ಕೊಡವರ ನಿಲುವಂಗಿ) ಹಾಕಿಕೊಳ್ಳಲಿ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಮನೆಯಲ್ಲೇ ಇರಲಿ. ಭದ್ರತಾ ತಪಾಸಣೆಯಲ್ಲಿ ಅದು ಖಂಡಿತ ನಿಲ್ಲುತ್ತದೆ.

ವಿಸಿಟರ್ ಪಟ್ಟಿಗೆ ಕೊನೆಯ ದಿನ ಯಾವಾಗ ಎಂದು ಈಗಲೇ ಕೇಳಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಮೊದಲು. ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಹೆಸರು ಬರೆಯಬೇಕು. ನಮ್ಮ ಕಡೆ ಮನೆತನದ ಹೆಸರು ಒಂದು ಚೀಟಿಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬರೀ ಒಂದಕ್ಷರ. ಪಟ್ಟಿಗೆ ಕೊಟ್ಟ ಚೀಟಿಯನ್ನೇ ಆ ದಿನ ತರಲು ಪ್ರತಿಯೊಬ್ಬರಿಗೂ ಹೇಳಿ. ಮಕ್ಕಳಿಗೂ ಚೀಟಿ ಬೇಕು. ಹಡಗು ವಿದೇಶದ ಬಂದರಿಗೆ ಹೋಗುವುದಾದರೆ ಕಸ್ಟಮ್ಸ್, ಇಮಿಗ್ರೇಶನ್ ಅನುಮತಿಯ ಕೆಲಸವೂ ಸೇರುತ್ತದೆ, ಇನ್ನೂ ಮೊದಲೇ ಶುರು ಮಾಡಿ.

ಮಡಿಕೇರಿ_ಪ್ರಯಾಣ:

ಮೇಲಿನವರು ಹೇಳಿದ ಸಮಯವನ್ನೇ ಹಿಡಿದು ನೋಡಿ, ಅಕ್ಕ. 3ಕ್ಕೆ ಇಳಿದು, ಬಂದರಿನ ಗೇಟು ದಾಟಿ, ಬಸ್ಸು ಹತ್ತಿ, ಊಟದ ಜಾಗ ತಲುಪುವಾಗ 3.45. ಎಲೆ ಮುಂದೆ ಕೂರುವುದು 4ಕ್ಕೆ. ಬೆಳಿಗ್ಗೆ 8ಕ್ಕೆ ತಿಂಡಿ ತಿಂದ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರನ್ನು ಎಂಟು ಗಂಟೆ ನಾಲ್ಕು ತುಂಡು ತಿಂಡಿಯ ಮೇಲೆ ನಿಲ್ಲಿಸುವುದು ಅಪಾಯ. ಮೇಲಾಗಿ ಹಡಗಿಗೆ ಹಿಂದಿನ ಬಂದರಿನಿಂದ ಬರುವಾಗ ತಡವಾದರೆ ಹತ್ತಿಸುವುದೂ ತಡ, ಇಳಿಸುವುದೂ ತಡ. ಇಳಿದ ಮೇಲಿನ ಊಟ ಎಂದರೆ ಹಡಗಿನ ಗಡಿಯಾರಕ್ಕೆ ಕಟ್ಟಿದ ಊಟ.

ಅದಕ್ಕೇ ದೊಡ್ಡ ಊಟವನ್ನು ಹಡಗು ಹತ್ತುವ ಮೊದಲೇ ಹಾಕಿ. ಬೆಳಿಗ್ಗೆ 7ಕ್ಕೆ ಕಾಫಿ, ಬಾಳೆಹಣ್ಣು, ಎರಡು ಬಿಸ್ಕತ್ತು. 9.30ಕ್ಕೆ ಪೂರ್ತಿ ಊಟ. 10.30ಕ್ಕೆ ಏಳುವುದು, 11ಕ್ಕೆ ಟರ್ಮಿನಲ್. ಹಡಗು ಎರಡು ಗಂಟೆ ತಡವಾದರೂ ಹೊಟ್ಟೆ ತಣ್ಣಗಿರುತ್ತದೆ. ಹಡಗಿನ ತಿಂಡಿ ಆಗ ನಿಜಕ್ಕೂ ತಿಂಡಿಯಾಗುತ್ತದೆ, 4–6 ತುಂಡು ಸಾಕು, ಅಲ್ಲಿ ಹಣವೂ ಉಳಿಯುತ್ತದೆ. ಇನ್ಸುಲಿನ್ ಇರುವವರು ಈ ಬದಲಾದ ಹೊತ್ತನ್ನು ತಮ್ಮ ಡಾಕ್ಟರಿಗೆ ಮೊದಲೇ ತಿಳಿಸಿರಲಿ. ಔಷಧಿಯನ್ನು, ಅದರ ಚೀಟಿಯೊಂದಿಗೆ, ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಇನ್ನೂ ಒಂದು ಇದೆ. ಇಳಿದ ಮೇಲೆ ಊಟ ಹಾಕಿದರೆ ಉಣ್ಣುವವರು 38 ಮಂದಿ, ಮದುಮಕ್ಕಳು ಅಲ್ಲಿ ಇರುವುದಿಲ್ಲ. ಮೊದಲೇ ಹಾಕಿದರೆ 70 ಮಂದಿಯೂ ಒಟ್ಟಿಗೆ, ಮದುಮಕ್ಕಳ ಜೊತೆಯೇ ಕೂರುತ್ತಾರೆ. ಕೊಚ್ಚಿಯವರೆಗೆ ಬಂದ ಹಿರಿಯರಿಗೆ ಅದೇ ದೊಡ್ಡದು.

ಹಿಂದಿರುಗುವುದು ಅದೇ ದಿನ ಬೇಡ. ವಿರಾಜಪೇಟೆಗೆ 300 ಕಿ.ಮೀ.ಗೂ ಹೆಚ್ಚು. ಸಂಜೆ 4ಕ್ಕೆ ಹೊರಟರೆ ಕೋಝಿಕ್ಕೋಡ್ ಬಳಿಯೇ ರಾತ್ರಿ 9, ಮಾಕುಟ್ಟ ಘಾಟಿ ಏರುವುದು ನಡುರಾತ್ರಿ, ಡಿಸೆಂಬರ್ ಮಂಜಿನಲ್ಲಿ. ಕೊಚ್ಚಿಯಲ್ಲೇ ಉಳಿದು ಬೆಳಿಗ್ಗೆ ಹೊರಡಿ. ಹಿರಿಯರನ್ನು ಎರ್ನಾಕುಲಂನಿಂದ ಕಣ್ಣೂರಿನವರೆಗೆ ರೈಲಿನಲ್ಲಿ ಕರೆತಂದು, ಅಲ್ಲಿಂದ ವ್ಯಾನಿನಲ್ಲಿ ಘಾಟಿ ಹತ್ತಿಸಿದರೆ ಇನ್ನೂ ಸುಖ.

ವಿರಾಜಪೇಟೆ_ತೋಟದಮನೆ:

ಮೊದಲೇ ಊಟ ಹಾಕುವುದು ಮನಸ್ಸಿಗೆ ಬಂತು. ಆದರೆ ಈಗ ಲೆಕ್ಕ 70 ಆಯಿತು, ಡ್ರೈವರ್, ಅಡುಗೆಯವರು ಸೇರಿ 74. ಬೆಳಿಗ್ಗೆ 9.30ಕ್ಕೆ ಪಂದಿ ಕರಿ, ಕಡಂಬುಟ್ಟು ತಯಾರಿರಬೇಕು. ಊರಿನಲ್ಲಿ ಹಿಂದಿನ ದಿನ ಮಾಡಿ ಬಸ್ಸಿನಲ್ಲಿ ತಂದರೆ ಹೇಗೆ? ಪಂದಿ ಕರಿ ಮಾರನೇ ದಿನಕ್ಕೆ ಇನ್ನೂ ರುಚಿ ಎನ್ನುತ್ತಾರಲ್ಲ.

ಗೋಣಿಕೊಪ್ಪ_ಅಡುಗೆಮನೆ:

ಮಾರನೇ ದಿನಕ್ಕೆ ರುಚಿ ಎನ್ನುವುದು ಮನೆಯ ಎರಡು ಕಿಲೋ ಕರಿಗೆ ಸರಿ. 12 ಕಿಲೋ ಕರಿಯನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಿ ಎಂಟೊಂಬತ್ತು ಗಂಟೆ ಬಸ್ಸಿನಲ್ಲಿ ಇಡುವುದು ಬೇರೆಯೇ ವಿಷಯ. ಅಷ್ಟು ದಪ್ಪದ ಕರಿ ನಡುವಿನಲ್ಲಿ ರಾತ್ರಿಯಿಡೀ ಉಗುರುಬೆಚ್ಚಗೇ ಇರುತ್ತದೆ. ಮಾಂಸದಲ್ಲಿ ಕುದಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳು ಇರುತ್ತವೆ, ಆ ಉಗುರುಬೆಚ್ಚಗಿನಲ್ಲೇ ಅವು ಮೊಳೆತು ಬೆಳೆಯುವುದು. ಕಾಚಂಪುಳಿ (ಹುಳಿಹಣ್ಣಿನ ರಸ ಬತ್ತಿಸಿದ ಕಪ್ಪು ಹುಳಿ) ಹಾಕಿದ್ದೇವಲ್ಲ ಎಂಬ ಧೈರ್ಯ ಬೇಡ, ಕರಿಗೆ ಹಾಕುವಷ್ಟು ಹುಳಿ ಇದನ್ನು ತಡೆಯಲಾರದು. ಬಿಸಿ ಎಂದರೆ 60 ಡಿಗ್ರಿಗಿಂತ ಮೇಲೆ, ತಣ್ಣಗೆ ಎಂದರೆ 5 ಡಿಗ್ರಿಗಿಂತ ಕೆಳಗೆ. ನಡುವೆ ಇಡುವ ಹಾಗಿಲ್ಲ.

ಹಾಗಾಗಿ ಕರಿ ತರಬೇಡಿ, ಮಸಾಲೆ ತನ್ನಿ. ಅಡುಗೆಯವರು ಇಬ್ಬರು ಹಿಂದಿನ ದಿನವೇ ಕೊಚ್ಚಿಗೆ ಹೋಗಲಿ. ಬಾಡಿಗೆಗೆ ಅಡುಗೆಮನೆ ಸಹಿತ ಸಿಗುವ ಹಾಲ್ ಹಿಡಿಯಿರಿ. ದೊಡ್ಡ ಹೋಟೆಲುಗಳು ಹೊರಗಿನ ಅಡುಗೆಯವರನ್ನು ಒಳಗೆ ಬಿಡುವುದು ಅಪರೂಪ. ಬಿಟ್ಟರೂ ಹಂದಿಮಾಂಸಕ್ಕೆ ಒಪ್ಪುತ್ತಾರೋ ಎಂದು ಮೊದಲೇ ಬರೆದು ಕೇಳಬೇಕು. ಹಾಲ್ ಬಂದರಿಗೆ ಅರ್ಧ ಗಂಟೆಯೊಳಗೆ ಇರಲಿ. ಹಡಗು ನಿಲ್ಲುವ ವಿಲ್ಲಿಂಗ್ಡನ್ ದ್ವೀಪದ ಕಡೆಗೆ ಹೋಗುವ ಸೇತುವೆಗಳಲ್ಲಿ ಬೆಳಿಗ್ಗೆ ವಾಹನ ಕಟ್ಟಿ ನಿಲ್ಲುತ್ತದೆ.

ಈಗ ಅಳತೆ. ನೀವು ಹೇಳಿದ 38ರಲ್ಲಿ ಹಂದಿ ತಿನ್ನುವ ದೊಡ್ಡವರು ಸುಮಾರು 23. ಉಳಿದ 36 ಮಂದಿಯಲ್ಲಿ 25 ಎಂದು ಹಿಡಿದರೆ 48. ತೊಗಲು, ಕೊಬ್ಬು ಸೇರಿದ ಹಸಿಮಾಂಸ ತಲೆಗೆ 250 ಗ್ರಾಂ, ಒಟ್ಟು 12 ಕಿಲೋ. ಬೆಂದ ಮೇಲೆ ಮೂರನೇ ಒಂದು ಭಾಗ ಕುಗ್ಗುತ್ತದೆ. ತುಂಡು ಒಂದಂಗುಲಕ್ಕಿಂತ ಚಿಕ್ಕದು ಬೇಡ, ಕರಗಿಹೋಗುತ್ತದೆ. ಹಿಂದಿನ ದಿನ ಮಧ್ಯಾಹ್ನವೇ ಮಾಂಸ ತೆಗೆದು, ಅರಿಶಿನ, ಉಪ್ಪು, ಖಾರದಪುಡಿ ಸವರಿ ಫ್ರಿಜ್‌ನಲ್ಲಿ ಇಡಿ. ಬೆಳಿಗ್ಗೆ 5.30ಕ್ಕೆ ಒಲೆ ಹೊತ್ತಿಸಿದರೆ 8.30ಕ್ಕೆ ಇಳಿಸಬಹುದು.

ಜೀರಿಗೆ, ಕಾಳುಮೆಣಸು, ಕೊತ್ತಂಬರಿ, ಸ್ವಲ್ಪ ಸಾಸಿವೆ, ಚೂರು ಮೆಂತ್ಯ, ಎಲ್ಲವನ್ನೂ ಕಪ್ಪಗಾಗುವಷ್ಟು ಹುರಿದು ಪುಡಿ ಮಾಡಿದ ಮಸಾಲೆ ಕಿಲೋ ಮಾಂಸಕ್ಕೆ 25 ಗ್ರಾಂ, ಅಂದರೆ 300 ಗ್ರಾಂ. ಇದನ್ನು ಊರಿನಲ್ಲೇ ಹುರಿಯಿರಿ. ಅಪರಿಚಿತ ಒಲೆಯ ಮೇಲೆ ಮೆಂತ್ಯ ಸೀದು ಕಹಿಯಾದರೆ ಇಡೀ ಪಾತ್ರೆ ಕೆಡುತ್ತದೆ. ಕಾಚಂಪುಳಿ ಕಿಲೋಗೆ ಒಂದು ದೊಡ್ಡ ಚಮಚ, ಸುಮಾರು 15 ಮಿ.ಲೀ., ಒಟ್ಟು 180. ಕೈಯಲ್ಲಿ 300 ಮಿ.ಲೀ. ಇರಲಿ. ಕೊಚ್ಚಿಯಲ್ಲಿ ಕುಡಂಪುಳಿ ಸಿಗುತ್ತದಲ್ಲ ಎಂದು ಯಾರಾದರೂ ಹೇಳುವರು. ಹಣ್ಣು ಒಂದೇ, ಆದರೆ ಅವರದು ಹೊಗೆಯಲ್ಲಿ ಒಣಗಿಸಿದ ಸಿಪ್ಪೆ, ನಮ್ಮದು ರಸವನ್ನು ಬತ್ತಿಸಿದ್ದು. ಮೀನಿಗೆ ಅದು ಚೆಂದ, ಪಂದಿ ಕರಿಗೆ ಹೊಗೆಯ ವಾಸನೆ ಮುಂದೆ ಬರುತ್ತದೆ. ಕಾಚಂಪುಳಿಯನ್ನು ಇಳಿಸುವ ಹತ್ತು ನಿಮಿಷ ಮೊದಲು, ಅರ್ಧ ಹಾಕಿ ರುಚಿ ನೋಡಿ ಉಳಿದದ್ದು ಹಾಕಿ. ಒಂದೊಂದು ಬಾಟಲಿಯ ಹುಳಿ ಒಂದೊಂದು ಥರ. ಬಾಡಿಗೆ ಪಾತ್ರೆಗಳು ಹೆಚ್ಚಾಗಿ ಅಲ್ಯೂಮಿನಿಯಂ, ಹುಳಿ ಅದನ್ನು ತಿನ್ನುತ್ತದೆ. ಸ್ಟೀಲ್ ಪಾತ್ರೆಯೇ ಬೇಕೆಂದು ಹೇಳಿ.

ಕಡಂಬುಟ್ಟು ಮಾಡಿ ತರುವ ಯೋಚನೆಯನ್ನಂತೂ ಬಿಡಿ. ಆರಿದರೆ ಕಲ್ಲು, ಮುಚ್ಚಿಟ್ಟರೆ ಬೆವರಿ ಅಂಟು, ರಾತ್ರಿ ಕಳೆದರೆ ಹುಳಿವಾಸನೆ. ತರಿಯನ್ನು ಒಣಗಿದ್ದಾಗಲೇ ಒಯ್ಯಿರಿ. ತಲೆಗೆ 4ರಂತೆ 300 ಉಂಡೆ. ಒಂದು ಕಪ್ ತರಿಗೆ ಎರಡೂವರೆ ಕಪ್ ನೀರು, ದೊಡ್ಡ ನಿಂಬೆ ಗಾತ್ರದ 12 ಉಂಡೆ ಬರುತ್ತದೆ. 25 ಕಪ್ ಎಂದರೆ ಸುಮಾರು 4.6 ಕಿಲೋ, 5 ಕಿಲೋ ಒಯ್ಯಿರಿ. ಒಂದೇ ಪಾತ್ರೆಯಲ್ಲಿ ಅಷ್ಟೂ ತರಿ ಬೇಯಿಸಬೇಡಿ, ತಿರುಗಿಸಲು ಕೈ ಸಾಲದೆ ಗಂಟು ಕಟ್ಟುತ್ತದೆ. ಐದೈದು ಕಪ್‌ನಂತೆ ಐದು ಸಲ. ಬಿಸಿಯಿರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತದೆ. ಆವಿಯಲ್ಲಿ 20 ನಿಮಿಷ. ಒಂದು ಸಲಕ್ಕೆ 60 ಹಿಡಿಯುವ ಪಾತ್ರೆ ಒಂದೇ ಇದ್ದರೆ, ತುಂಬಿ ತೆಗೆಯುವ ಹೊತ್ತೂ ಸೇರಿ ಎರಡು ಗಂಟೆ ಬೇಕು. ಎರಡು ಪಾತ್ರೆ ಇಡಿ, 8ಕ್ಕೆ ಶುರು ಮಾಡಿ. ಉಂಡೆ ಕಟ್ಟಲು ಅಡುಗೆಯ ಇಬ್ಬರು ಸಾಲದು, ಮನೆಯ ನಾಲ್ಕು ಕೈ ಸೇರಲಿ. ನೂಲ್‌ಪುಟ್ಟು (ಒತ್ತು ಶಾವಿಗೆ) ಈ ಲೆಕ್ಕಕ್ಕೆ ಬೇಡ, ಒತ್ತುವುದರಲ್ಲೇ ಬೆಳಗು ಕಳೆಯುತ್ತದೆ.

ಕೋಳಿ ಕರಿ 7 ಕಿಲೋ, ಹಂದಿ ತಿನ್ನುವವರೂ ಅದನ್ನು ಮುಟ್ಟುತ್ತಾರೆ. ಮುಸ್ಲಿಂ ನೆಂಟರು, ಸ್ನೇಹಿತರು ಇದ್ದರೆ ಹಲಾಲ್ ಕೋಳಿಯನ್ನೇ ತರಿಸಿ, ಪಾತ್ರೆ, ಸೌಟು, ಹೆಚ್ಚುವ ಹಲಗೆ ಎಲ್ಲ ಬೇರೆ ಇಟ್ಟು, ಅವರಿಗೆ ಹಾಗೆಂದು ಮೊದಲೇ ತಿಳಿಸಿ. ಕೇಳಲು ಸಂಕೋಚಪಟ್ಟು ಬರೀ ಅನ್ನ ತಿಂದು ಏಳುವವರು ಇರುತ್ತಾರೆ. ಬಡಿಸುವ ಮೇಜೂ ದೂರದಲ್ಲಿರಲಿ. ಸಸ್ಯಾಹಾರಕ್ಕೆ ಕುಂಬಳಕಾಯಿ ಕರಿ, ಕಡಲೆ ಕರಿ, ಅನ್ನ, ಸಾರು. ಬೈಂಬಳೆ (ಕಣಿಲೆ), ಕಾಡಣಬೆ ಮಳೆಗಾಲದವು, ಡಿಸೆಂಬರ್‌ನಲ್ಲಿ ಹುಡುಕಬೇಡಿ. ಪಾಪುಟ್ಟು (ತರಿಯನ್ನು ಹಾಲು, ಕಾಯಿತುರಿಯೊಂದಿಗೆ ಆವಿಯಲ್ಲಿ ಬೇಯಿಸಿದ್ದು) ಆಸೆಯಿದ್ದರೆ ಬೆಳಿಗ್ಗೆಯೇ ಬೇಯಿಸಿ ಅಲ್ಲೇ ಮುಗಿಸಿ. ಹಾಲು, ತೆಂಗಿನಕಾಯಿ ಇರುವುದರಿಂದ ಕೊಚ್ಚಿಯ ಸೆಕೆಗೆ ಮಧ್ಯಾಹ್ನದವರೆಗೆ ತಡೆಯುವುದಿಲ್ಲ.

ವಿರಾಜಪೇಟೆ_ತೋಟದಮನೆ:

ತುಂಬಾ ಉಪಕಾರ. ಎರಡು ಸಣ್ಣ ಪ್ರಶ್ನೆ. ಇಳಿದು ಬಂದವರಿಗೆ 3ಕ್ಕೆ ಏನು ಕೊಡಲಿ? ಊರಿನಿಂದ ಡ್ರಿಂಕ್ಸ್ ಒಯ್ಯಬಹುದೇ?

ಮಡಿಕೇರಿ_ಪ್ರಯಾಣ:

ಡ್ರಿಂಕ್ಸ್ ಒಯ್ಯಬೇಡಿ. ಕರ್ನಾಟಕದ ಮದ್ಯವನ್ನು ಕೇರಳದೊಳಗೆ ತರುವುದು ಅಲ್ಲಿನ ಅಬಕಾರಿ ಕಾಯ್ದೆಯಡಿ ಅಪರಾಧ, ಕೂಟುಪುಳದ ಚೆಕ್‌ಪೋಸ್ಟಿನಲ್ಲಿ ಬಸ್ಸನ್ನೇ ತಡೆಯುತ್ತಾರೆ. ಡ್ರೈವರೂ ಸಿಕ್ಕಿಬೀಳುತ್ತಾನೆ. ಮುಹೂರ್ತದ ದಿನ ವಿರಾಜಪೇಟೆಯ ಹಾಲ್‌ನಲ್ಲಿ ಬೇಕಾದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಸಾಂದರ್ಭಿಕ ಲೈಸೆನ್ಸ್ ಪಡೆದು ಅಲ್ಲೇ ಮುಗಿಸಿ. ಕೊಚ್ಚಿಯ ತಾರೀಕು 1 ಆಗಿದ್ದರೆ, ತಿಂಗಳ ಮೊದಲ ದಿನ ಕೇರಳದಲ್ಲಿ ಡ್ರೈ ಡೇ ಎಂಬುದೂ ನೆನಪಿರಲಿ.

3ಕ್ಕೆ ಪೊಟ್ಟಣ ಸಾಕು: ಒಂದು ಏಲಕ್ಕಿ ಬಾಳೆ, ಎರಡು ಚಕ್ಕುಲಿ, ಒಂದು ಕಜ್ಜಾಯ, ಅರ್ಧ ಲೀಟರ್ ನೀರು. ಹಡಗಿಗೆ ತರಬಾರದು, ಬಸ್ಸಿನಲ್ಲೇ ಇರಲಿ. 38 ಅಲ್ಲ, 45 ಕಟ್ಟಿಸಿ. ಹಡಗು ತಡವಾದರೆ ಪ್ರಯಾಣದವರೂ ಹೊರಗೇ ಕಾಯಬೇಕಾಗುತ್ತದೆ. ಕೋಣೆಗೆ ಮರಳಿದ ಮೇಲೆ ಕಾಫಿ. ಪುಡಿ, ಫಿಲ್ಟರ್ ಊರಿನಿಂದಲೇ ಒಯ್ಯಿರಿ. ರಾತ್ರಿ 7.30ಕ್ಕೆ ಅದೇ ಹೋಟೆಲಿನಲ್ಲಿ ಗಂಜಿ, ಚಪಾತಿ, ಪಲ್ಯದಂಥ ಹಗುರ ಊಟ ಹೇಳಿಡಿ. ಬೆಳಿಗ್ಗೆ ಉಳಿದ ಪಂದಿ ಕರಿಯನ್ನು ರಾತ್ರಿಗೆ ಇಡಬೇಡಿ.

ಗೋಣಿಕೊಪ್ಪ_ಅಡುಗೆಮನೆ:

ಉಳಿದ ಕರಿಯ ಬಗ್ಗೆ ಒಂದು ಮಾತು. ಹಾಲ್‌ನಲ್ಲಿ ಫ್ರಿಜ್ ಇದ್ದರೆ 10.30ಕ್ಕೇ ಅಗಲ ತಟ್ಟೆಗಳಿಗೆ ಎರಡಂಗುಲಕ್ಕಿಂತ ಎತ್ತರವಾಗದ ಹಾಗೆ ಹರಡಿ, ಆವಿ ಹೋದ ಕೂಡಲೇ ಒಳಗಿಡಿ. ರಾತ್ರಿ ಪೂರ್ತಿ ಕುದಿ ಬರುವ ತನಕ ಕಾಯಿಸಿದರೆ ಬಡಿಸಬಹುದು. ಫ್ರಿಜ್ ಇಲ್ಲದಿದ್ದರೆ ಮೇಲಿನವರು ಹೇಳಿದ್ದೇ ಸರಿ, ಹಾಲ್‌ನ ಕೆಲಸದವರಿಗೆ ಬಿಸಿಯಿರುವಾಗಲೇ ಕೊಟ್ಟುಬಿಡಿ.

ಹಡಗು_ಕಾರ್ಯಕ್ರಮ:

ಊಟ 9.30ಕ್ಕೆ ಎಂದು ಆದ ಮೇಲೆ ಪ್ರಯಾಣದ 32 ಮಂದಿಯ ಚೆಕ್-ಇನ್ ಹೊತ್ತನ್ನು 11 ಅಥವಾ 11.30ರ ಗುಂಪಿಗೇ ಹಾಕಿಸಿ. 10ರ ಗುಂಪು ಬಿದ್ದರೆ ಕೆಲವರು ಎಲೆ ಬಿಟ್ಟು ಏಳಬೇಕಾಗುತ್ತದೆ. ಅವರ ದೊಡ್ಡ ಪೆಟ್ಟಿಗೆಗಳನ್ನು ಊಟದ ಹಾಲ್‌ಗೆ ಇಳಿಸಬೇಡಿ, ಬೇರೆ ವಾಹನದಲ್ಲಿ ನೇರ ಟರ್ಮಿನಲ್‌ಗೆ ಕಳಿಸಿ, ಜೊತೆಗೆ ಮನೆಯವರೊಬ್ಬರು ಇರಲಿ. ವಿಸಿಟರ್‌ಗಳಿಗೆ ಕೈಚೀಲ ಒಂದೇ. ಗಾಲಿಕುರ್ಚಿ ಬೇಕಾದ ಹಿರಿಯರ ಹೆಸರು ಪಟ್ಟಿಯಲ್ಲೇ ಗುರುತು ಮಾಡಿ. ಹತ್ತುವ ಏಣಿದಾರಿಯ ಇಳಿಜಾರು ಉಬ್ಬರ ಇಳಿತಕ್ಕೆ ತಕ್ಕಂತೆ ಬದಲಾಗುತ್ತದೆ, ಹತ್ತುವಾಗ ಸುಲಭವಿದ್ದದ್ದು ಇಳಿಯುವಾಗ ಕಡಿದಾಗಿರಬಹುದು. ಅವರನ್ನು 2.15ಕ್ಕೇ ಹೊರಡಿಸಿ.